ಏಳರ ಸೊಂಟಕ್ಕೊಂದು ಗೆರೆ

9 ಫೆಬ್ರವರಿ

ಮೆಣಸೂ,

ಕೆಟ್ಟ ಕನಸು ಬಿತ್ತು. ಅದನ್ನು ಹೇಳಿ ಮುಗಿಸದೆ ಬೇರೇನೂ ಬರೆಯಲಾರೆ. ಬೆಲ್ಟಿನ ಮೇಲೆ ಬಾಟಲಿಗಳು ಬರುತ್ತಿದ್ದವು. ಒಂದೊಂದನ್ನೂ ಮಗುಚಿ ತಳ ನೋಡುತ್ತಿದ್ದೆ. ಎಲ್ಲದರ ತಳದಲ್ಲೂ ತ್ರಿಕೋನದೊಳಗೆ 1 ನೆಟ್ಟಗೆ ನಿಂತಿತ್ತು. ಎಡಗಡೆಯ ಚೀಲಕ್ಕೆ ಹಾಕಿದೆ. ಹಾಕಿದ್ದೇ ತಡ, ಆ ಒಂದು ಕತ್ತು ಬಗ್ಗಿಸಿ ಏಳಾಯಿತು. ತೆಗೆದರೆ ಒಂದು, ಹಾಕಿದರೆ ಏಳು. ಹಿಂದೆ ಶೆಡ್ಡಿನ ಯಜಮಾನ ನಿಂತು, "ಓದು, ಜೋರಾಗಿ ಓದು" ಅನ್ನುತ್ತಿದ್ದ. ಬಾಯಿ ತೆರೆದರೆ ಸ್ವರವಿಲ್ಲ. ಎಚ್ಚರವಾದಾಗ ಬೆಳಗಾಗಿತ್ತು. ನಿನ್ನ ಭಾವ ಚಹಾ ಸೋಸುತ್ತಾ, "ನಿದ್ದೇಲೂ ಡ್ಯೂಟಿ ಮಾಡ್ತಿದ್ದೆ ಕಣೇ, ಯಾರೂ ಕರೀದೇ ಇದ್ರೂ" ಅಂದರು.

ಮೂರು ವರ್ಷದಿಂದ ನಿನಗೆ ಪತ್ರ ಬರೆದಿಲ್ಲ. ನೀನೂ ಬರೆದಿಲ್ಲ. ಯಾಕೆ ಅಂತ ಈಗ ಕೆದಕುವುದು ಬೇಡ. ಕೆಲಸದ ಮಾತಿದೆ.

ನಿಮ್ಮ ಪಾನೀಯ ಕಂಪನಿ ಹೊಸ ಬಾಟಲಿ ತಂದಿದೆಯಲ್ಲ, ಮೈಮೇಲೆ ಹಸಿರು ಎಲೆ, ಪಕ್ಕದಲ್ಲಿ "ಗಿಡದಿಂದ ಬಂದದ್ದು" ಅಂತ. ಅದು ಖಾಲಿಯಾಗಿ ನಮ್ಮ ಶೆಡ್ಡಿಗೆ ಬರುತ್ತದೆ. ನೀನು ಬಾಟಲಿಗೆ ಸೂಲಗಿತ್ತಿ, ನಾನು ಹೆಣ ತೊಳೆಯುವವಳು. ತಳದ ಅಂಕಿ ಅದು ಯಾವ ಜಾತಿಯ ಪ್ಲಾಸ್ಟಿಕ್ಕು ಅಂತ ಹೇಳುತ್ತದೆ, ನಿನಗೆ ಗೊತ್ತು. ನಮ್ಮ ಗೋಡೆಯ ಮೇಲೆ ಒಂದೇ ನಿಯಮ ಬರೆದಿದೆ: 1 ಎಡಕ್ಕೆ, ಮಿಕ್ಕಿದ್ದು ಬಲಕ್ಕೆ. ಎಡದ್ದು ಬಿಸಿನೀರಿನಲ್ಲಿ ತೊಳೆದು ಕರಗಿಸುವ ಕಾರ್ಖಾನೆಗೆ ಹೋಗುತ್ತದೆ. ಬಲದ್ದು ಕಸ.

ಎಲೆ ಬಾಟಲಿ ಮೊದಲ ಸಲ ಕೈಗೆ ಬಂದಾಗಲೇ ಯಜಮಾನನಿಗೆ ಹೇಳಿದ್ದೆ. ಇದನ್ನು ಹಿಸುಕಿದರೆ ಸದ್ದು ಬೇರೆ. ಹಳೆಯದು ಮುಲುಗುತ್ತದೆ, ಇದು ಒಣ ಎಲೆ ತುಳಿದ ಹಾಗೆ ಚರಚರ ಅನ್ನುತ್ತದೆ. ಅವನು ಏನಂದ ಗೊತ್ತಾ? "ಕಿವಿ ನಿನ್ನ ಹತ್ರ ಇಟ್ಕೋ. ನಂಬರ್ ನೋಡು, ಸಾಕು." ನೋಡಿದೆವು. ನಾವು ಐದು ಜನವೂ ನಂಬರೇ ನೋಡಿದೆವು. ಕೆಲವು ಎಲೆ ಬಾಟಲಿಗಳ ಮೇಲೆ 7 ಇತ್ತು, ಬಲಕ್ಕೆ ಎಸೆದೆವು. ಕೆಲವುಗಳ ಮೇಲೆ 1 ಇತ್ತು, ಎಡಕ್ಕೆ ಹಾಕಿದೆವು.

ಹೋದ ವಾರ ತೊಳೆಯುವ ಕಾರ್ಖಾನೆಯಿಂದ ದೂರು ಬಂತು. ನಮ್ಮ ಲೋಡು ಬಿಸಿನೀರಿಗೆ ಬಿದ್ದು ಅಂಟಾಗಿ ಯಂತ್ರದ ಹಲ್ಲಿಗೆ ಮೆತ್ತಿಕೊಂಡಿತಂತೆ. ಎರಡು ದಿನ ಯಂತ್ರ ನಿಂತಿತಂತೆ. ಈಗ ಯಜಮಾನ ಹೇಳುವುದು, ಎಲೆ ಬಾಟಲಿ ಎಲ್ಲವೂ ಏಳು, ನೀವು ಏಳನ್ನು ಒಂದು ಅಂತ ಓದಿದಿರಿ. ಬೆಲ್ಟಿನ ಮೊದಲ ಜಾಗ ನನ್ನದು, ಅದಕ್ಕೆ ನನ್ನ ಸಹಿ ಬೇಕಂತೆ: "ಅಕ್ಷರ ಜ್ಞಾನ ಸಾಲದೆ ತಪ್ಪಾಗಿದೆ" ಅಂತ. ಸಹಿ ಹಾಕಿದರೆ ಐದು ಜನವೂ ಮನೆಗೆ.

ನಾನು ತಪ್ಪು ಓದಿಲ್ಲ. ಓದಿಲ್ಲ ಅಂತ ಹಗಲಲ್ಲಿ ಗೊತ್ತಿರುತ್ತದೆ. ಕನಸಲ್ಲಿ ಗೊತ್ತಿರುವುದಿಲ್ಲ. ಬಾಟಲಿ ಎರಕ ಹೊಯ್ಯುವ ಅಚ್ಚು ಪರೀಕ್ಷೆ ಮಾಡುವ ಕೆಲಸ ನಿನ್ನದೇ ತಾನೆ? ಒಂದೋ ಏಳೋ, ನೋಡಿ ಬರೆ.

ಇಂತಿ ನಿನ್ನ ಅಕ್ಕ
(ಐದನೇ ಕ್ಲಾಸು, ನಪಾಸಾದವಳಲ್ಲ, ನಿಲ್ಲಿಸಿದವಳು)


1 ಮಾರ್ಚ್

ಅಕ್ಕಾ,

ನಿನ್ನ ಪತ್ರ ನಿನ್ನೆ ಕೈಸೇರಿತು. ಮೂರು ವಾರ ಎಲ್ಲಿತ್ತು ಗೊತ್ತೇ? ನಮ್ಮ ಬೀದಿಯ ಒಂದನೇ ನಂಬರಿನ ಮನೆಯಲ್ಲಿ. ನಮ್ಮದು ಏಳು. ನೀನು ಬರೆದ ಏಳನ್ನು ಅಂಚೆಯವನು ಒಂದು ಅಂತ ಓದಿದ. ಅವನದೇನೂ ತಪ್ಪಿಲ್ಲ, ಲಕೋಟೆ ನೋಡಿದರೆ ನಾನೂ ಹಾಗೇ ಓದುತ್ತಿದ್ದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಬೇಜಾರು ಮಾಡಿಕೊಳ್ಳಬೇಡ, ನಿನಗೆ ಆ ಎರಡು ಅಂಕಿಗಳ ಗೊಂದಲ ಇರಬಹುದು. ನಮ್ಮ ನಕ್ಷೆಯಲ್ಲಿ ಇರುವುದು 7. ನಾನೇ ಪರೀಕ್ಷಿಸಿ ಸಹಿ ಮಾಡಿದ್ದೇನೆ. ಈ ಬಾಟಲಿ ಜೋಳದ ಸಕ್ಕರೆಯಿಂದ ಮಾಡಿದ ಪ್ಲಾಸ್ಟಿಕ್ಕು. ನೋಡಲು ಹಳೆಯದರ ಹಾಗೇ ಇದ್ದರೂ ಗುಣ ಬೇರೆ, ಬಿಸಿನೀರಿಗೆ ಮೆತ್ತಗಾಗುತ್ತದೆ. ಅದಕ್ಕೇ ಹಳೆಯದರ ಜೊತೆ ಬೆರೆಸಬಾರದು, ಅದಕ್ಕೇ ಬೇರೆ ಅಂಕಿ. ಎಲ್ಲ ಪಾನೀಯ ಕಂಪನಿಗಳೂ ಇವತ್ತಲ್ಲ ನಾಳೆ ಗಿಡದ ಕಡೆ ಹೊರಳಲೇಬೇಕು. ಮೊದಮೊದಲು ಹೀಗೆ ಸಣ್ಣಪುಟ್ಟ ತೊಡಕು ಇರುತ್ತದೆ.

ಸಹಿ ಹಾಕಿ ಕೈ ತೊಳೆದುಕೋ. ಆ ಧೂಳಲ್ಲಿ ಇನ್ನೆಷ್ಟು ದಿನ ನಿಲ್ಲುತ್ತೀಯ? ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಭಾವನನ್ನೂ ಕರೆದುಕೊಂಡು ಬಾ.

ನಿನ್ನ ತಂಗಿ


7 ಮಾರ್ಚ್

ಮೆಣಸೂ,

ಮೇಲೆ ತಾರೀಖು ನೋಡಿದೆಯಾ? ಏಳರ ಸೊಂಟಕ್ಕೆ ಅಡ್ಡ ಗೆರೆ ಹಾಕಿದ್ದೇನೆ. ಲಕೋಟೆಯ ಮೇಲೂ ಹಾಕಿದ್ದೇನೆ, ದಪ್ಪಗೆ. ಇನ್ನು ಮೇಲೆ ನನ್ನ ಏಳನ್ನು ಅಂಚೆಯವನಲ್ಲ, ಅವರಪ್ಪ ಬಂದರೂ ಒಂದು ಅಂತ ಓದಲಾರ.

ನಾನು ಬರೆದದ್ದು ಕೆಟ್ಟದಾಗಿತ್ತು, ಒಪ್ಪಿದೆ. ಬರೆಯುವುದು ಬೇರೆ, ಓದುವುದು ಬೇರೆ. ನಿನಗೆ ಅಂಕಿ ಕಲಿಸಿದ್ದು ಯಾರು? ಅಮ್ಮ ಹಾಸಿಗೆ ಹಿಡಿದ ವರ್ಷ ನೀನು ಮೂರು ವರ್ಷದವಳು, ಮಲಗು ಅಂದರೆ ಮಲಗುತ್ತಿರಲಿಲ್ಲ. ಬೋರಲು ಮಲಗಿಸಿ ಬೆನ್ನ ಮೇಲೆ ಬೆರಳಲ್ಲಿ ಅಂಕಿ ಬರೆದು, "ಯಾವುದು ಹೇಳು?" ಅನ್ನುತ್ತಿದ್ದೆ. ನಾನು ಏಳು ಬರೆದಾಗಲೆಲ್ಲ ನೀನು ಕಚಗುಳಿಯಾಗಿ ಕಿರುಚುತ್ತಿದ್ದೆ, ಆ ಮೇಲಿನ ಅಡ್ಡ ಗೆರೆಗೆ. ಒಂದು ಬರೆದರೆ ಸುಮ್ಮನಿರುತ್ತಿದ್ದೆ. ಆ ಬೆನ್ನಿಗೆ ಗೊತ್ತಿತ್ತು ವ್ಯತ್ಯಾಸ. ನನ್ನ ಬೆರಳಿಗೂ ಗೊತ್ತು.

ಆದರೂ ನಿನ್ನ ಪತ್ರ ಓದಿದ ದಿನ ಹೆದರಿದೆ. ಸುಳ್ಳು ಹೇಳುವುದಿಲ್ಲ. ಸಂಜೆ ನಿನ್ನ ಭಾವನ ಗಡಿಯಾರ ರಿಪೇರಿ ಅಂಗಡಿಗೆ ಹೋಗಿ ಕೂತೆ. ಶೆಡ್ಡಿನಿಂದ ಒಂಬತ್ತು ಎಲೆ ಬಾಟಲಿ ತಂದಿದ್ದೆ, ನಾನು ಒಂದು ಅಂತ ಓದಿದವು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದರ ತಳವನ್ನೂ ಗಡಿಯಾರದ ಹೊಟ್ಟೆ ನೋಡುವ ಹಾಗೆ ನೋಡಿದರು.

"ಏನಿದೆ?" ಅಂದೆ.

"ಧೂಳಿದೆ."

"ತಮಾಷೆ ಬೇಡ ಕಣ್ರೀ."

"ಒಂದು. ಇದೂ ಒಂದು. ಇದೂ. ನಿನ್ನ ತಂಗಿಗೆ ಹೇಳು, ಕನ್ನಡಕ ಬೇಕಾದ್ರೆ ನಾನೇ ಮಾಡಿಸಿಕೊಡ್ತೀನಿ ಅಂತ."

ಆಮೇಲೆ ಅವರು ಇನ್ನೊಂದು ನೋಡಿದರು. ತ್ರಿಕೋನದ ಕೆಳಗೆ ಸಾಸಿವೆಯಷ್ಟು ಚಿಕ್ಕದಾಗಿ ಇನ್ನೊಂದು ಅಂಕಿ ಇದೆ, ಬರಿಗಣ್ಣಿಗೆ ಗೀರಿನ ಹಾಗೆ ಕಾಣುತ್ತದೆ. ಒಂಬತ್ತರಲ್ಲೂ ಅದು 17. ಬಲಕ್ಕೆ ಎಸೆದ ಬಾಟಲಿಗಳಲ್ಲಿ ಬೇರೆ ಬೇರೆ ಅಂಕಿಗಳಿವೆ, 17 ಒಂದರಲ್ಲೂ ಇಲ್ಲ. ಅದು ಅಚ್ಚಿನ ನಂಬರಿರಬೇಕು ಅನ್ನುತ್ತಾರೆ ನಿನ್ನ ಭಾವ. ಹೌದೋ ಅಲ್ಲವೋ ನಿನಗೇ ಗೊತ್ತು.

ಒಂಬತ್ತು ತಳಗಳನ್ನೂ ಕತ್ತರಿಸಿ, ಅಂಚನ್ನು ಉಜ್ಜಿ, ಹಳೆಯ ಕರವಸ್ತ್ರದಲ್ಲಿ ಸುತ್ತಿ ಈ ಪತ್ರದ ಜೊತೆ ಕಳಿಸಿದ್ದೇನೆ. ಕೈ ಕುಯ್ಯುವುದಿಲ್ಲ, ಮೂರು ಸಲ ಸವರಿ ನೋಡಿದ್ದೇನೆ. ನಕ್ಷೆ ನೋಡಬೇಡ. ಇವನ್ನು ನೋಡು.

ಕೋಣೆ ಖಾಲಿ ಇದೆ ಅಂದೆ. ಇರಲಿ ಬಿಡು, ಗಾಳಿಯಾಡಲಿ.

ನಿನ್ನ ಅಕ್ಕ


2 ಏಪ್ರಿಲ್

ಮೆಣಸೂ,

ಮೂರು ವಾರದ ಮೇಲಾಯಿತು. ಪಾರ್ಸೆಲ್ಲು ಮತ್ತೆ ಒಂದನೇ ಮನೆಗೆ ಹೋಯಿತೇ? ಗೆರೆ ಹಾಕಿದ್ದೆನಲ್ಲ. ಗೆರೆ ಮಳೆಗೆ ಅಳಿಸಿತೇ? ಕರವಸ್ತ್ರದೊಳಗೆ ಏನೋ ಇದೆ ಅಂತ ಅಂಚೆಯವರು ಬಿಚ್ಚಿ ನೋಡಿ, ಪ್ಲಾಸ್ಟಿಕ್ ಚೂರು ಅಂತ ಎಸೆದರೇ? ಅಥವಾ ನಿನಗೆ ಸಿಕ್ಕಿಯೂ ನೀನು ಬರೆಯುತ್ತಿಲ್ಲವೇ? ಮೊದಲಿನ ಮೂರು ಯೋಚನೆ ಬಂದಾಗ ಬಾಗಿಲಿಗೆ ಹೋಗಿ ಅಂಚೆಯವನ ದಾರಿ ನೋಡುತ್ತೇನೆ. ನಾಲ್ಕನೆಯದು ಬಂದಾಗ ಎದ್ದು ಪಾತ್ರೆ ತಿಕ್ಕುತ್ತೇನೆ. ಮನೆಯ ಪಾತ್ರೆಗಳೆಲ್ಲ ಕನ್ನಡಿಯಾಗಿವೆ.

ಮೊನ್ನೆ ಶೆಡ್ಡಿನಲ್ಲಿ ಯಜಮಾನ ಬೆಲ್ಟು ನಿಲ್ಲಿಸಿ ಕಾಗದ ಹಿಡಿದು ಬಂದ. ಎಲ್ಲರ ಮುಂದೆ ಕೇಳಿದ, "ಓದೋಕೆ ಬರುತ್ತಾ ನಿಂಗೆ?"

"ಬರುತ್ತೆ."

"ಎಷ್ಟನೇ ಕ್ಲಾಸು?"

"ಐದು. ಅಂಕಿ ಒಂದನೇ ಕ್ಲಾಸಲ್ಲೇ ಮುಗಿಸ್ತಾರೆ ಯಜಮಾನ್ರೇ, ನೀವು ಆ ದಿನ ರಜಾ ಹಾಕಿದ್ರಾ?"

ಹೇಗೆ ಬಂತೋ ಬಾಯಲ್ಲಿ. ಪಕ್ಕದಲ್ಲಿ ನಿಲ್ಲುವವಳು, ನಾವು ಗಿಣಿ ಅನ್ನುತ್ತೇವೆ, ಬಾಯಿಗೆ ಸೆರಗು ಒತ್ತಿಕೊಂಡಳು. ಯಜಮಾನ ಕೆಂಪಗಾಗಿ ಒಂದು ಎಲೆ ಬಾಟಲಿ ಮಗುಚಿ ಹಿಡಿದ. "ಇದೇನು?"

"ಏಳು."

"ನೋಡಿದ್ಯಾ! ಏಳು ತಾನೇ?"

"ಇದು ಏಳು. ಏಳನ್ನ ಬಲಕ್ಕೆ ಹಾಕಿದೀವಿ, ರಾಶಿ ಅಲ್ಲೇ ಬಿದ್ದಿದೆ. ಎಡಕ್ಕೆ ಹಾಕಿದ್ದು ಇದು." ಅಂತ ನನ್ನ ಜಾಗದ ಕೆಳಗಿಟ್ಟಿದ್ದ ಇನ್ನೊಂದನ್ನು ತೆಗೆದುಕೊಟ್ಟೆ.

ಅವನು ನೋಡಿದ. ಕಣ್ಣು ಕಿರಿದು ಮಾಡಿದ. "ಒಂದೇ ಬಾಟ್ಲಿಗೆ ಎರಡು ನಂಬರ್ ಹಾಕೋಕೆ ಕಂಪನಿಯೋರಿಗೇನು ಹುಚ್ಚಾ? ಇದು ಏಳೇ. ಮೇಲಿನ ಗೆರೆ ಸವೆದಿದೆ."

ನೆಲ ತೊಳೆಯಲು ಕಾಯಿಸಿದ ನೀರಿತ್ತು, ಕುದಿಯುವಷ್ಟಲ್ಲ, ಕೈ ಅದ್ದಿದರೆ ಹಿಂದೆ ಎಳೆಯುವಷ್ಟು. ಹಳೆಯ ಬಾಟಲಿಯೊಂದನ್ನೂ ಒಂದು ಬರೆದ ಎಲೆ ಬಾಟಲಿಯನ್ನೂ ಅದರಲ್ಲಿ ಮುಳುಗಿಸಿದೆ. ಹಳೆಯದು ನೆಟ್ಟಗೆ ನಿಂತಿತು. ಎಲೆಯದು ನಿದ್ದೆ ಬಂದವರ ಹಾಗೆ ಭುಜ ಇಳಿಬಿಟ್ಟು ಒಂದು ಕಡೆ ವಾಲಿತು. "ಎರಡರ ತಳದಲ್ಲೂ ಒಂದೇ ಅಂಕಿ" ಅಂದೆ. "ಎರಡೂ ಒಂದೇನಾ, ನೀವೇ ಹೇಳಿ."

"ಜಾದೂ ಬೇಡ, ಸಹಿ ಬೇಕು" ಅಂದ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ದೊಡ್ಡಮ್ಮ ಅನ್ನುತ್ತೇವೆ, ಆಗ ಒಂದು ಮಾತಾಡಿದಳು. ಅವಳು ಎಲೆ ಬಾಟಲಿ ಮೊದಲು ಬಂದಾಗ, ಗಿಡದಿಂದ ಬಂದದ್ದು ಮಣ್ಣಿಗೆ ಹೋಗುತ್ತದೆ ಅಂತ ನಂಬಿ, ಮನೆಯ ಕುಂಡದಲ್ಲಿ ಒಂದನ್ನು ಹೂತಿದ್ದಳು. ದಿನಾ ನೀರು ಹಾಕುತ್ತಿದ್ದಳು. ಅದನ್ನು ಅಗೆದು ಚೀಲದಲ್ಲಿ ತಂದಿದ್ದಳು. ಬೇರು ಸುತ್ತಿಕೊಂಡಿತ್ತು, ಬಾಟಲಿ ಮದುವೆಗೆ ಹೊರಟ ಹಾಗೆ ಹೊಳೆಯುತ್ತಿತ್ತು. "ಎಲೇನೂ ಸುಳ್ಳು, ನಂಬರೂ ಸುಳ್ಳು. ಸುಳ್ಳು ಬರೆದೋರಿಗೆ ಓದು ಬರ್ತದೆ. ಓದಿದ ನಮಗೆ ಓದು ಬರಲ್ಲ, ಅಲ್ವಾ?" ಅಂದಳು.

ಅವಳ ಮಾತು ಪೂರ್ತಿ ಸರಿಯಲ್ಲ ಅಂತ ನನಗೆ ಗೊತ್ತು. ಗಿಡದಿಂದ ಬಂದದ್ದು ಅಂತ ಬರೆದಿದೆ, ಮಣ್ಣಲ್ಲಿ ಕರಗುತ್ತದೆ ಅಂತ ಬರೆದಿಲ್ಲ. ಆದರೆ ಎಲೆ ಯಾಕೆ ಬರೆದರು? ಹಾಗೆ ಓದಿಕೊಳ್ಳಲಿ ಅಂತಲೇ ಅಲ್ಲವೇ?

ಸಹಿ ಹಾಕಲಿಲ್ಲ. ಏಪ್ರಿಲ್ ಮೂವತ್ತಕ್ಕೆ ತೊಳೆಯುವ ಕಾರ್ಖಾನೆಯವರು ಬರುತ್ತಾರೆ. ಅಷ್ಟರೊಳಗೆ ನಮ್ಮದು ತಪ್ಪಲ್ಲ ಅಂತ ಕಂಪನಿಯ ಬಾಯಿಂದಲೇ ಬರಬೇಕು, ಇಲ್ಲವಾದರೆ ಸಹಿ ಇದ್ದರೂ ಇಲ್ಲದಿದ್ದರೂ ನಾವು ಹೊರಗೆ. ಬೆಲ್ಟಿನ ಆ ಜಾಗದಲ್ಲಿ ಹನ್ನೆರಡು ವರ್ಷ ನಿಂತಿದ್ದೇನೆ. ನೆಲದ ಸಿಮೆಂಟು ನನ್ನ ಎರಡು ಹಿಮ್ಮಡಿಗೆ ತಗ್ಗಾಗಿದೆ. ಬಿಟ್ಟು ಹೋಗು ಅಂದರೆ ಹೋಗುತ್ತೇನೇನೋ. ಓದಲು ಬಾರದವಳು ಅಂತ ಬರೆಸಿಕೊಂಡು ಹೋಗಲಾರೆ.

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ನಾಳೆಯೂ ಬರೆಯುತ್ತೇನೆ ಬೇಕಾದರೆ.

ನಿನ್ನ ಅಕ್ಕ


16 ಏಪ್ರಿಲ್

ಅಕ್ಕಾ,

ಪಾರ್ಸೆಲ್ಲು ಮಾರ್ಚ್ ಹನ್ನೆರಡಕ್ಕೇ ಬಂದಿತ್ತು. ನೇರವಾಗಿ ನನ್ನ ಕೈಗೆ. ಏಳರ ಗೆರೆ ಕೆಲಸ ಮಾಡಿತ್ತು.

ಬಿಚ್ಚಲಿಲ್ಲ. ಮೇಜಿನ ಖಾನೆಯೊಳಗೆ ಇಟ್ಟೆ. ಒಳಗೆ ಏನಿದೆ ಅಂತ ಗೊತ್ತಿದ್ದವರು ಬಿಚ್ಚುವುದಿಲ್ಲ.

ಈಗ ಹೇಳುತ್ತೇನೆ, ನಡುವೆ ನಿಲ್ಲಿಸದೆ ಓದು. ಗಿಡದ ಬಾಟಲಿಗೆ ಹೊಸ ಅಚ್ಚುಗಳನ್ನು ಮಾಡಿಸಿದರು, ಎಲ್ಲದರಲ್ಲೂ 7. ಬೇಡಿಕೆ ಹೆಚ್ಚಾದಾಗ ಒಂದು ಅಚ್ಚು ಸಾಲದೆ ಬಂತು. ಹಳೆಯ ಬಾಟಲಿಯ ಅಚ್ಚೊಂದು ಅದೇ ಅಳತೆಯದು, ಉಗ್ರಾಣದಿಂದ ತಂದು ಕೂರಿಸಿದರು. ಅದರ ತಳದಲ್ಲಿ 1 ಕೊರೆದಿತ್ತು. ಬದಲಿಸಬೇಕಿತ್ತು. ಬದಲಿಸಿದ್ದಾರೋ ಇಲ್ಲವೋ ಅಂತ ಮೊದಲ ಬಾಟಲಿಯನ್ನು ಮಗುಚಿ ನೋಡಿ ಸಹಿ ಹಾಕುವವಳು ನಾನು. ಅವತ್ತು ಮೇಲಿನವರು ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದರು. ನಕ್ಷೆಯಲ್ಲಿ 7 ಇತ್ತು. ನಕ್ಷೆ ನೋಡಿ ಸಹಿ ಹಾಕಿದೆ. ಬಾಟಲಿ ಮಗುಚಲಿಲ್ಲ.

ಫೆಬ್ರವರಿ ಕೊನೆಗೆ ಯಾರೋ ಗಮನಿಸಿ ಆ ಅಚ್ಚನ್ನು ಸದ್ದಿಲ್ಲದೆ ಇಳಿಸಿದರು. ಹೊರಗೆ ಬಾಯಿ ಬಿಡಬೇಡ ಅಂದರು. ಅಂದರೆ ನಿನಗೆ ಏಳು ಅಂತ ಬರೆದ ದಿನ ನನಗೆ ಗೊತ್ತಿತ್ತು. ನಿನ್ನ ಲಕೋಟೆ ಒಂದನೇ ಮನೆಗೆ ಹೋಗಿದ್ದು ನನಗೆ ಅನುಕೂಲವಾಯಿತು. ಅದನ್ನೇ ಹಿಡಿದುಕೊಂಡೆ.

ನಿನ್ನ ಏಪ್ರಿಲ್ ಪತ್ರ ಬಂದ ಮೇಲೆ ಖಾನೆ ತೆರೆದೆ. ಕರವಸ್ತ್ರ ಅಮ್ಮನದು. ಕಣ್ಣು ಮುಚ್ಚಿ ಒಂದು ತಳವನ್ನು ಹೆಬ್ಬೆರಳಲ್ಲಿ ಸವರಿದೆ. ಕಚಗುಳಿಯಾಗಲಿಲ್ಲ.

ನಿನ್ನ ಓದು ಯಾಕೆ ನಿಂತಿತು ಅಂತ ನೀನು ಯಾವತ್ತೂ ನನಗೆ ಹೇಳಲಿಲ್ಲ. ನಾನು ಯಾವತ್ತೂ ಕೇಳಲಿಲ್ಲ.

ಇದರ ಜೊತೆ ಇನ್ನೊಂದು ಪತ್ರ ಇಟ್ಟಿದ್ದೇನೆ, ನಿಮ್ಮ ಯಜಮಾನನಿಗೂ ತೊಳೆಯುವ ಕಾರ್ಖಾನೆಗೂ. ಅಚ್ಚು ಸಂಖ್ಯೆ 17ರಿಂದ ಬಂದ ಗಿಡದ ಬಾಟಲಿಗಳ ಮೇಲೆ ತಪ್ಪಾಗಿ 1 ಬಿದ್ದಿದೆ, ವಿಂಗಡಿಸಿದವರು ಸರಿಯಾಗಿಯೇ ಓದಿದ್ದಾರೆ ಅಂತ. ನನ್ನ ಹುದ್ದೆ ಬರೆದು ಸಹಿ ಹಾಕಿದ್ದೇನೆ. ಕೈ ನಡುಗಿದೆ, ಅಕ್ಷರ ಚೆನ್ನಾಗಿಲ್ಲ. ಇದನ್ನು ಕೊಟ್ಟ ಮೇಲೆ ಇಲ್ಲಿ ನನ್ನ ಗತಿ ಏನು ಅಂತ ಗೊತ್ತಿಲ್ಲ. ಕೊಡುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಬೇಡ ಅಂದರೆ ಹರಿದು ಹಾಕು, ನಾನು ಏನೂ ಅಂದುಕೊಳ್ಳುವುದಿಲ್ಲ.

ಮೆಣಸು


21 ಏಪ್ರಿಲ್

ಮೆಣಸೂ,

ನಿಲ್ಲಿಸದೆ ಓದು ಅಂದೆ. ನಿಲ್ಲಿಸಿದೆ. "ನನಗೆ ಗೊತ್ತಿತ್ತು" ಅನ್ನುವ ಸಾಲಿನ ಹತ್ತಿರ ನಿಲ್ಲಿಸಿ, ಪತ್ರ ಮಡಚಿ, ಹೊರಗೆ ಹೋಗಿ ಬೀದಿಯ ಕೊನೆಯವರೆಗೂ ನಡೆದು ಬಂದೆ. ಆಮೇಲೆ ಮಿಕ್ಕಿದ್ದು ಓದಿದೆ.

ಪರವಾಗಿಲ್ಲ ಬಿಡು ಅಂತ ಬರೆಯುತ್ತೇನೆ ಅಂದುಕೊಂಡಿದ್ದರೆ, ಬರೆಯುವುದಿಲ್ಲ. ಪರವಾಗಿದೆ. ಒಂದೂವರೆ ತಿಂಗಳು ನನ್ನ ಕಣ್ಣನ್ನೇ ನಾನು ನಂಬದ ಹಾಗೆ ಮಾಡಿದೆ. ದಾರಿಯಲ್ಲಿ ಅಂಗಡಿ ಬೋರ್ಡಿನ ಅಂಕಿಗಳನ್ನೂ ನಿಂತು ನಿಂತು ಓದುತ್ತಿದ್ದೆ, ಹುಚ್ಚಿಯ ಹಾಗೆ. ಈ ಸಿಟ್ಟು ಇವತ್ತೇ ಇಳಿಯುವುದಲ್ಲ. ನೀನು ಎದುರಿಗೆ ಬಂದಾಗ ಜೋರಾಗಿ ಬೈಯುವುದಕ್ಕೆ ಇಟ್ಟುಕೊಂಡಿದ್ದೇನೆ.

ಹರಿದು ಹಾಕು ಅಂದೆಯಲ್ಲ, ಅದಕ್ಕೆ ಇನ್ನೂ ಸಿಟ್ಟು ಬಂತು. ನಾನು ಹರಿದರೆ ನೀನು ಬದುಕಿದೆ, ನಾವು ಐದು ಜನ ಓದಲು ಬಾರದವರು. ನಿನ್ನ ಎಂಟನೇ ಕ್ಲಾಸು, ಹತ್ತನೇ ಕ್ಲಾಸು, ಆಮೇಲಿನದ್ದು ಎಲ್ಲಕ್ಕೂ ನಾನು ಬೆಳಿಗ್ಗೆ ಎದ್ದು ನಿನ್ನ ಜಡೆ ಹೆಣೆದು ಕಳಿಸಿದ್ದು ಇದಕ್ಕಲ್ಲ. ಹರಿಯುವುದಿಲ್ಲ. ಮೂವತ್ತನೇ ತಾರೀಖು ಎಲ್ಲರ ಮುಂದೆ ನಾನೇ ಓದುತ್ತೇನೆ. ಜೋರಾಗಿ. ಓದು ಓದು ಅಂತ ಕನಸಲ್ಲಿ ಬಂದು ಕಾಡಿದನಲ್ಲ, ಅವನೂ ಕೇಳಲಿ.

ಗಿಣಿಗೂ ದೊಡ್ಡಮ್ಮನಿಗೂ ಹೇಳಿದೆ, ಅಚ್ಚಿನವರೇ ಬರೆದುಕೊಟ್ಟಿದ್ದಾರೆ ಅಂತ. ಬರೆದವಳು ನನ್ನ ತಂಗಿ ಅಂತಲೂ ಹೇಳಿದೆ. ಮುಚ್ಚಿಡಲಿಲ್ಲ. ಗಿಣಿ, "ಅಯ್ಯೋ, ಅವಳ ಕೆಲ್ಸ?" ಅಂದಳು. ದೊಡ್ಡಮ್ಮ ಕೈಗವಸು ಬಿಚ್ಚುತ್ತಾ, "ಮಗುಚಿ ನೋಡೋ ಕೆಲ್ಸ ಮಗುಚಿ ನೋಡದೇ ಮಾಡಿದ್ಲು. ಈಗ ಮಗುಚಿದಾಳೆ. ನಮ್ಮ ಬೆಲ್ಟಿಗೆ ಬಂದ್ರೆ ಕಲಿಸೋಣ ಬಿಡು" ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕೆ.

ನಿನ್ನ ಕೆಲಸ ಹೋಗಬಹುದು. ಅದನ್ನೇ ಯೋಚಿಸುತ್ತಾ ಎರಡು ಸಲ ಅನ್ನ ಸೀಯಿಸಿದೆ. ಆದರೂ ಬೇಡ ಅನ್ನಲಾರೆ. ಹೋದರೆ ಇಲ್ಲಿಗೆ ಬಾ. ನಮ್ಮಲ್ಲಿ ಖಾಲಿ ಕೋಣೆ ಇಲ್ಲ, ಇರುವುದೇ ಒಂದು. ಗಡಿಯಾರದ ಡಬ್ಬಿಗಳನ್ನು ಸರಿಸಿದರೆ ಒಬ್ಬಳು ಬೋರಲು ಮಲಗುವಷ್ಟು ಜಾಗವಾಗುತ್ತದೆ.

ಇನ್ನು ಮುಖ್ಯವಾದದ್ದು. ನಿನ್ನ ಆ ಪತ್ರವನ್ನು ಇದರೊಳಗೆ ವಾಪಸ್ ಇಟ್ಟಿದ್ದೇನೆ. ಗಾಬರಿಯಾಗಬೇಡ. ನಿನ್ನ ಕೈ ನಡುಗಿದೆ ಅಂದೆಯಲ್ಲ, ಅಚ್ಚಿನ ಸಂಖ್ಯೆ ಬರೆದ ಕಡೆ ಅದು ಹನ್ನೊಂದೋ ಹದಿನೇಳೋ ತಿಳಿಯುತ್ತಿಲ್ಲ. ನಾನು ನೋಡಿದೆ, ಹದಿನೇಳು ಅನಿಸಿತು. ಗಿಣಿ ನೋಡಿ ಹನ್ನೊಂದು ಅಂದಳು. ನಿನ್ನ ಭಾವ ಭೂತಗನ್ನಡಿ ಹಾಕಿ ನೋಡಿ, "ಇಷ್ಟೆಲ್ಲ ಓದ್ಸಿದ್ದು ಇದಕ್ಕಾ?" ಅಂದರು. ನಮ್ಮ ಹತ್ತಿರವಿರುವ ಬಾಟಲಿಗಳ ಮೇಲೆ ಇರುವುದು ಹದಿನೇಳು. ಪತ್ರದಲ್ಲಿ ಹನ್ನೊಂದು ಅಂತ ಓದಿದರೆ, ಇದು ಬೇರೆ ಬಾಟಲಿಯ ಮಾತು ಅಂತ ಯಜಮಾನ ಕೈ ಕೊಡವುತ್ತಾನೆ.

ನೆನಪಿನಿಂದ ಬರೆಯಬೇಡ. ನಕ್ಷೆ ನೋಡಿ ಬರೆಯಬೇಡ. ಅಕ್ಕ ಹೇಳಿದಳು ಅಂತಲೂ ಬರೆಯಬೇಡ. ಉಗ್ರಾಣಕ್ಕೆ ಹೋಗಿ, ಇಳಿಸಿಟ್ಟ ಆ ಅಚ್ಚನ್ನೇ ಮಗುಚಿ, ಬೆರಳಿಂದ ಸವರಿ, ಇನ್ನೊಮ್ಮೆ ನೋಡು. ಹದಿನೇಳೇ ಆಗಿದ್ದರೆ ಹೊಸದಾಗಿ ಬರೆದು, ಏಳರ ಸೊಂಟಕ್ಕೆ ದಪ್ಪಗೆ ಒಂದು ಗೆರೆ ಎಳೆದು ಕಳಿಸು.

ನಿನ್ನ ಅಕ್ಕ